ಜೆರಾಕ್ಸ್ ಮಷಿನ್ ಮೇಲಿನ ಶೂ ಗುರುತು: ಒಂದು ‘ಸರಿಮಾಡೋ ಸಭೆ’ಯ ಬಗ್ಗೆ ನನ್ನ ಅನುಭವ

ಹೈಸ್ಕೂಲಿನ ಎದುರು ನನ್ನ ಜೆರಾಕ್ಸ್ ಅಂಗಡಿ ಇದೆ. ಹದಿನೇಳು ವರ್ಷ ಆಯಿತು. ಮಕ್ಕಳೆಲ್ಲ ನನ್ನನ್ನು ಜೆರಾಕ್ಸ್ ಆಂಟಿ ಅಂತಲೇ ಕರೆಯುತ್ತಾರೆ. ಇಲ್ಲಿ ನಾನು ಯಾವಾಗಲೂ ಬರೆಯುವುದು ಪ್ರಿಂಟರ್, ಟೋನರ್, ಸ್ಪೈರಲ್ ಬೈಂಡಿಂಗ್ ಮಷಿನ್ ಬಗ್ಗೆ. ಯಾವುದು ಬಾಳಿಕೆ ಬರುತ್ತದೆ, ಯಾವುದಕ್ಕೆ ದುಡ್ಡು ಹಾಕಬಾರದು, ಅಷ್ಟೇ. ಈ ಸಲ ಒಂದು ಸೇವೆಯ ಬಗ್ಗೆ ಬರೆಯುತ್ತಿದ್ದೇನೆ. ತಪ್ಪು ಮಾಡಿದ ಮಕ್ಕಳನ್ನೂ ನಷ್ಟ ಆದವರನ್ನೂ ಎದುರುಬದುರು ಕೂರಿಸಿ ಮಾತಾಡಿಸುವ ಸಭೆ ಅದು. ಇದಕ್ಕೆ ನಾನು ಒಂದು ರೂಪಾಯಿಯನ್ನೂ ಕೊಟ್ಟಿಲ್ಲ. ಆದರೆ ಐದು ತಿಂಗಳಲ್ಲಿ ಇದರಷ್ಟು ನನಗೆ ಉಪಯೋಗಕ್ಕೆ ಬಂದದ್ದು ಬೇರೆ ಯಾವುದೂ ಇಲ್ಲ.

ಮೊದಲೇ ಒಂದು ಮಾತು. ಊರಿನ ಹೆಸರು, ಶಾಲೆಯ ಹೆಸರು, ಹುಡುಗರ ಹೆಸರು ಬರೆಯುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74ರ ಪ್ರಕಾರ ಪ್ರಕರಣದಲ್ಲಿರುವ ಮಕ್ಕಳ ಗುರುತು ಸಿಗುವಂಥ ಯಾವ ವಿವರವನ್ನೂ ಹೊರಗೆ ಹಾಕಬಾರದು. ಹಾಕಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಸಭೆ ನಡೆಸಿಕೊಟ್ಟ ತಂಡದ ಹೆಸರು ಬರೆದರೂ ಊರು ಗೊತ್ತಾಗಿಬಿಡುತ್ತದೆ. ಹಾಗಾಗಿ ಅದನ್ನೂ ಬಿಟ್ಟಿದ್ದೇನೆ. ಕಾನೂನಿಗೆ ಹೆದರಿ ಮಾತ್ರ ಅಲ್ಲ. ನನ್ನ ಅಂಗಡಿಗೆ ನುಗ್ಗಿದ ಆ ಮೂವರು ಹುಡುಗರೂ ಈಗ ದಿನಾ ನನ್ನ ಅಂಗಡಿ ಮುಂದೆಯೇ ಶಾಲೆಗೆ ಹೋಗುತ್ತಾರೆ.

ಕಳೆದ ಸೆಪ್ಟೆಂಬರ್‌ನ ಒಂದು ಸೋಮವಾರ. ಅರ್ಧವಾರ್ಷಿಕ ಪರೀಕ್ಷೆ ಶುರುವಾಗುವ ವಾರ. ಬೆಳಿಗ್ಗೆ ಶಟರ್ ಎತ್ತಿದೆ. ಒಳಗೆ ಬೆಳಕಿತ್ತು. ಲೈಟ್ ಆರಿಸಿಯೇ ಹೋಗಿದ್ದೆನಲ್ಲ ಅಂತ ತಲೆ ಎತ್ತಿದರೆ ಮೇಲಿನ ಶೀಟ್ ಒಂದು ಕಡೆ ಸರಿದಿತ್ತು. ಗಲ್ಲಾ ಪೆಟ್ಟಿಗೆ ಖಾಲಿ. ಅದರಲ್ಲಿ 2,340 ರೂಪಾಯಿ ಇತ್ತು. ನೆಲದ ತುಂಬ ಪೇಪರ್ ಚೆಲ್ಲಿತ್ತು. ಮಷಿನ್ ಮುಚ್ಚಳ ಒಂದು ಕಡೆ ವಾಲಿತ್ತು, ಎತ್ತಿ ನೋಡಿದರೆ ಗಾಜು ಮೂಲೆಯಿಂದ ಮೂಲೆಗೆ ಸೀಳಿತ್ತು. ಮುಚ್ಚಳದ ಮೇಲೆ ಒಂದು ಶೂ ಗುರುತು. ಕ್ಯಾನ್ವಾಸ್ ಶೂ. ಅಡಿಯ ಗೆರೆಗಳು ಅಚ್ಚು ಒತ್ತಿದ ಹಾಗೆ ಕಾಣುತ್ತಿದ್ದವು. ಎಷ್ಟು ಚಿಕ್ಕ ಕಾಲು ಅಂತ ನನಗೆ ಅವತ್ತು ಹೊಳೆಯಲಿಲ್ಲ. ಬೇಕಂತಲೇ ತುಳಿದಿದ್ದಾರೆ ಅಂತ ಮಾತ್ರ ಅನಿಸಿತು.

ಆ ಮಷಿನ್ ನನ್ನ ಅನ್ನ. ನಾಲ್ಕು ದಿನ ಅಂಗಡಿ ಮುಚ್ಚಿದೆ. ಗಾಜು, ಹಿಂಜ್, ಸರ್ವಿಸ್ ಎಲ್ಲ ಸೇರಿ 7,400 ರೂಪಾಯಿ ಆಯಿತು.

ಪೊಲೀಸರು ಬಂದು ಯಾರ ಮೇಲಾದರೂ ಅನುಮಾನ ಇದೆಯಾ ಅಂತ ಕೇಳಿದರು. ನಾನು ಒಂದು ಹೆಸರು ಹೇಳಿದೆ. ನಮ್ಮ ಸಾಲಿನಲ್ಲೇ ಮೂರು ಮಳಿಗೆ ಆಚೆ ಸೈಬರ್ ಸೆಂಟರ್ ಇದೆ. ಅವರೂ ಜೆರಾಕ್ಸ್ ಮಾಡುತ್ತಾರೆ. ರೇಟಿನ ವಿಷಯಕ್ಕೆ ಎರಡು ಸಲ ಮಾತು ಬೆಳೆದಿತ್ತು. ನಾನು ಅವರ ಹೆಸರು ಹೇಳಿದೆ. ಪೊಲೀಸರು ಅವರನ್ನು ಅಂಗಡಿಯಲ್ಲೇ, ಗಿರಾಕಿಗಳ ಎದುರಿಗೇ ವಿಚಾರಿಸಿದರು. ಅವರು ಒಂದು ಮಾತೂ ಆಡದೆ ತಮ್ಮ ಸಿಸಿಟಿವಿ ತೆಗೆದು ತೋರಿಸಿದರು. ಭಾನುವಾರ ರಾತ್ರಿ ಒಂಬತ್ತೂಕಾಲಿಗೆ ಮೂರು ಹುಡುಗರು ಹಿಂದಿನ ಗೋಡೆ ಹತ್ತುವುದು ಅದರಲ್ಲಿತ್ತು. ಮೂವರೂ ಎದುರಿನ ಶಾಲೆಯ ಒಂಬತ್ತನೇ ತರಗತಿಯವರು. ಇಬ್ಬರಿಗೆ 14, ಒಬ್ಬನಿಗೆ 15. ಈ ಸೈಬರ್ ಸೆಂಟರ್ ವಿಷಯಕ್ಕೆ ಮತ್ತೆ ಬರುತ್ತೇನೆ.

ಎಫ್‌ಐಆರ್ ಹಾಕಲಿಲ್ಲ. ನನಗೆ ಸಿಟ್ಟು ಬಂತು. ಆಮೇಲೆ ತಿಳಿಯಿತು, ಘೋರ ಅಪರಾಧ ಅಲ್ಲದಿದ್ದರೆ, ದೊಡ್ಡವರು ಜೊತೆಗಿಲ್ಲದಿದ್ದರೆ, ಮಕ್ಕಳ ಮೇಲೆ ಎಫ್‌ಐಆರ್ ಹಾಕುವುದಿಲ್ಲ. ಡೈರಿಯಲ್ಲಿ ಬರೆದುಕೊಂಡು, ಮಗುವಿನ ಮನೆ, ಓದು, ಪರಿಸ್ಥಿತಿ ಎಲ್ಲ ಸೇರಿಸಿ ಒಂದು ವರದಿ ಮಾಡಿ, ಮಕ್ಕಳ ಪ್ರಕರಣ ನೋಡುವ ಬಾಲನ್ಯಾಯ ಮಂಡಳಿಗೆ ಕಳಿಸುತ್ತಾರೆ. 2016ರ ನಿಯಮಗಳು ಹಾಗಿವೆ.

ಮಂಡಳಿಗೂ ಹೋಗಿ ಬಂದೆ. ಕೋರ್ಟ್ ಅಂದರೆ ಕಟಕಟೆ, ಎತ್ತರದ ಕುರ್ಚಿ ಅಂದುಕೊಂಡಿದ್ದೆ. ಅದೇನೂ ಇರಲಿಲ್ಲ. ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರು ಹೆಂಗಸು. ಸಾಮಾನ್ಯ ಮೇಜು. ಪೊಲೀಸರೂ ಯೂನಿಫಾರ್ಮ್ ಹಾಕಿರಲಿಲ್ಲ. ಮಕ್ಕಳ ದೃಷ್ಟಿಯಿಂದ ನೋಡಿದರೆ ಬಹಳ ಒಳ್ಳೆಯ ವ್ಯವಸ್ಥೆ, ಅದನ್ನು ಮನಸಾರೆ ಹೇಳುತ್ತೇನೆ. ಆದರೆ ಅಲ್ಲಿ ನನಗೆ ಕೇಳಿದ್ದು ಮೂರು ಪ್ರಶ್ನೆ. ಅಂಗಡಿ ನಿಮ್ಮದಾ? ಎಷ್ಟು ನಷ್ಟ? ಇದು ನಿಮ್ಮ ಸಹಿಯಾ? ಅಷ್ಟೇ. ನನಗೆ ಕೇಳಬೇಕಾಗಿದ್ದ ಒಂದೇ ಒಂದು ಪ್ರಶ್ನೆ ನನ್ನ ಬಾಯಲ್ಲೇ ಉಳಿಯಿತು. ಇಷ್ಟು ಅಂಗಡಿ ಇರುವಾಗ ನನ್ನ ಅಂಗಡಿಗೇ ಯಾಕೆ ಬಂದಿರಿ?

ನಮ್ಮ ಮನೆಯವರು ಬಸ್ ಕಂಡಕ್ಟರ್. ವಾರದಲ್ಲಿ ಮೂರು ರಾತ್ರಿ ಹೊರಗಿರುತ್ತಾರೆ. ಅಂಗಡಿಯ ಹಿಂದೆಯೇ ಮನೆ, ಮೇಲೆ ಅದೇ ಶೀಟ್. ಬೆಕ್ಕು ಓಡಿದರೂ ಎದ್ದು ಕೂರುತ್ತಿದ್ದೆ. ಚಿಲಕ ಹಾಕಿದೆನಾ ಅಂತ ರಾತ್ರಿ ನಾಲ್ಕು ಸಲ ಎದ್ದು ಮುಟ್ಟಿ ನೋಡುತ್ತಿದ್ದೆ. ಯಾರಿಗೋ ನನ್ನ ಮೇಲೆ ದ್ವೇಷ ಇದೆ, ಈ ಹುಡುಗರನ್ನು ಯಾರೋ ಕಳಿಸಿದ್ದಾರೆ ಅಂತ ಮನಸ್ಸು ಹೇಳುತ್ತಲೇ ಇತ್ತು.

ಅಕ್ಟೋಬರ್ ಕೊನೆಯಲ್ಲಿ ಒಬ್ಬ ವಕೀಲೆಯಿಂದ ಫೋನ್ ಬಂತು. ಮಂಡಳಿಗೆ ತಿಳಿಸಿಯೇ ಮಾಡುತ್ತಿದ್ದೇವೆ, ಹುಡುಗರ ಕಡೆಯವರೂ ನೀವೂ ಎದುರುಬದುರು ಕೂತು ಮಾತಾಡುವ ಒಂದು ಸಭೆ, ನಿಮಗೆ ಇಷ್ಟ ಇದ್ದರೆ ಮಾತ್ರ ಅಂದರು. ನಾನು ಬೇಡ ಅಂದೆ. ಸರಿ ಅಕ್ಕ, ಮತ್ತೆ ಕೇಳಬಹುದಾ ಅಂದರು. ಒತ್ತಾಯ ಮಾಡಲಿಲ್ಲ. ಅದಕ್ಕೇ ಎರಡನೇ ಸಲ ಫೋನ್ ಬಂದಾಗ ಅಂಗಡಿಗೆ ಬನ್ನಿ, ಮಾತಾಡೋಣ ಅಂದೆ.

ತಂಡದಲ್ಲಿ ಇದ್ದವರು ಆ ವಕೀಲೆ, ಒಬ್ಬರು ನಿವೃತ್ತ ಹೆಡ್‌ಮಾಸ್ಟರ್, ಒಬ್ಬ ಹುಡುಗಿ ಆಪ್ತಸಮಾಲೋಚಕಿ, ಮತ್ತೆ ಶಾಲೆಯ ಇಬ್ಬರು ಮೇಷ್ಟ್ರು. ಯಾರಿಗೂ ಇದರಿಂದ ಸಂಬಳ ಇಲ್ಲ. ಶಾಲೆಯವರು, ಕೋರ್ಟಿನವರು ಬೇರೆ ಬೇರೆ ಕೆಲಸ ಮಾಡುವುದನ್ನೇ ನೋಡಿದ್ದೆ. ಒಂದೇ ಹುಡುಗನ ವಿಷಯಕ್ಕೆ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತಿದ್ದನ್ನು ಇಲ್ಲೇ ಮೊದಲು ನೋಡಿದ್ದು.

ನನ್ನ ಜೊತೆ ಎರಡು ಸಲ ಬಂದು ಕೂತರು. ಅದೇ ಹೊತ್ತಿಗೆ ಹುಡುಗರ ಮನೆಗೂ ಹೋಗುತ್ತಿದ್ದರು. ಮಾಡಿದ್ದನ್ನು ಹುಡುಗರು ಒಪ್ಪಿಕೊಂಡ ಮೇಲೆ ಮಾತ್ರ ಸಭೆ. ಒಪ್ಪದಿದ್ದರೆ ಸಭೆ ಇಲ್ಲ, ಮಂಡಳಿಯಲ್ಲೇ ತೀರ್ಮಾನ ಆಗಬೇಕು. ಈ ಶರತ್ತು ನನಗೆ ಧೈರ್ಯ ಕೊಟ್ಟಿತು. ನಾನು ಹೋಗಿ ಕೂತ ಮೇಲೆ ಅವರು ‘ನಾವಲ್ಲ’ ಅಂದುಬಿಟ್ಟಿದ್ದರೆ ನನಗೆ ಎರಡನೇ ಸಲ ಕಳ್ಳತನ ಆದ ಹಾಗೆ ಆಗುತ್ತಿತ್ತು.

ಎರಡನೇ ಸಲ ಬಂದಾಗ ವಕೀಲೆ 12 ಪುಟದ ಒಂದು ಟಿಪ್ಪಣಿ ತಂದು ಇಪ್ಪತ್ತು ಪ್ರತಿ ಕೇಳಿದರು. ಶಾಲೆಯ ಮೇಷ್ಟ್ರುಗಳಿಗೆ ಕೊಡುವುದಕ್ಕೆ. ಮಷಿನ್ ಓಡುತ್ತಿರುವಾಗ ನಾನು ಓದುತ್ತಾ ನಿಂತೆ. ಈ ಕೆಲಸಕ್ಕೆ ರೆಸ್ಟೋರೇಟಿವ್ ಜಸ್ಟಿಸ್ ಅಂತ ಹೆಸರು. ಟಿಪ್ಪಣಿಯಲ್ಲಿ ‘ಪುನಃಸ್ಥಾಪನಾ ನ್ಯಾಯ’ ಅಂತ ಬರೆದಿದ್ದರು. ನನಗೆ ಅರ್ಥ ಆಗಲಿಲ್ಲ. ಹೆಡ್‌ಮಾಸ್ಟರ್ ‘ಸರಿಮಾಡೋ ನ್ಯಾಯ ಅನ್ನಿ, ಸಾಕು’ ಅಂದರು. ನಾನು ಅದನ್ನೇ ಇಟ್ಟುಕೊಂಡಿದ್ದೇನೆ.

ಅದರಲ್ಲಿದ್ದ ಒಂದು ಘಟನೆ ನನ್ನನ್ನು ನಿಲ್ಲಿಸಿತು. 1974, ಕೆನಡಾದ ಒಂಟಾರಿಯೊ ಪ್ರಾಂತ್ಯದ ಎಲ್ಮೈರಾ ಅನ್ನುವ ಸಣ್ಣ ಊರು. ಇಬ್ಬರು ಹುಡುಗರು ಕುಡಿದು ಒಂದೇ ರಾತ್ರಿ 22 ಕಡೆ ದಾಂಧಲೆ ಮಾಡಿದರು. ಕಾರಿನ ಟೈರ್ ಕುಯ್ದರು, ಮನೆ ಕಿಟಕಿ ಒಡೆದರು. ಮಾರ್ಕ್ ಯಾಂಟ್ಸಿ ಅನ್ನುವ ಪ್ರೊಬೇಷನ್ ಅಧಿಕಾರಿ (ತಪ್ಪು ಮಾಡಿದವರ ಮೇಲೆ ಕೋರ್ಟಿನ ಪರವಾಗಿ ನಿಗಾ ಇಡುವವರು) ಜಡ್ಜ್ ಹತ್ತಿರ ಹೋಗಿ, ಈ ಹುಡುಗರು ನಷ್ಟ ಆದವರನ್ನೇ ನೇರವಾಗಿ ಭೇಟಿ ಮಾಡಿದರೆ ಹೇಗೆ ಅಂತ ಕೇಳಿದರು. ಹಾಗೆ ಮಾಡುವುದಕ್ಕೆ ಯಾವ ಪದ್ಧತಿಯೂ ಇರಲಿಲ್ಲ. ಆದರೂ ಜಡ್ಜ್ ಗಾರ್ಡನ್ ಮೆಕಾನೆಲ್ ಒಪ್ಪಿದರು. ಹುಡುಗರು ಮನೆ ಮನೆ ಬಾಗಿಲು ತಟ್ಟಿದರು. ನಾವೇ ಮಾಡಿದ್ದು ಅಂದರು. ಆಮೇಲೆ ನಷ್ಟವನ್ನೂ ಕಟ್ಟಿಕೊಟ್ಟರು. ಆ ಇಬ್ಬರಲ್ಲಿ ಒಬ್ಬರು, ರಸ್ ಕೆಲ್ಲಿ, ಎಷ್ಟೋ ವರ್ಷ ಆದ ಮೇಲೆ ಇದೇ ಕೆಲಸ ಮಾಡುವ ಸಂಸ್ಥೆಗೆ ಸ್ವಯಂಸೇವಕರಾಗಿ ಬಂದರು. ಇದನ್ನು ಓದುವಾಗ ನನಗೆ ಹುಡುಗರ ಬಗ್ಗೆ ಯೋಚನೆ ಬರಲಿಲ್ಲ. ಆ 22 ಕಡೆಯ ಜನರ ಬಗ್ಗೆ ಬಂತು. ಬಾಗಿಲು ತೆಗೆದವರ ಮುಖ ಹೇಗಿತ್ತೋ.

ಉಳಿದದ್ದೂ ಓದಿದೆ. ನ್ಯೂಜಿಲೆಂಡ್ 1989ರಲ್ಲಿ ಕಾನೂನು ಮಾಡಿ, ಮಕ್ಕಳ ಪ್ರಕರಣದಲ್ಲಿ ಕುಟುಂಬದವರನ್ನೂ ನಷ್ಟ ಆದವರನ್ನೂ ಕೂರಿಸಿ ಸಭೆ ಮಾಡುವ ಪದ್ಧತಿ ತಂದಿತು. ಅಲ್ಲಿನ ಮೂಲನಿವಾಸಿ ಮಾವೊರಿಗಳು ಕೂತು ಮಾತಾಡುವ ರೀತಿಯಿಂದ ಬಂದದ್ದು ಅದು. ಅಮೆರಿಕದ ಓಕ್ಲೆಂಡಿನಲ್ಲಿ ಫಾನಿಯಾ ಡೇವಿಸ್ ಅನ್ನುವ ವಕೀಲೆ 2005ರಲ್ಲಿ ಒಂದು ಸಂಸ್ಥೆ ಕಟ್ಟಿ ಶಾಲೆಗಳಿಗೆ ಇದನ್ನು ತಂದರು. ನಮ್ಮ ಬಾಲನ್ಯಾಯ ಕಾಯ್ದೆಯ ಮೂರನೇ ಸೆಕ್ಷನ್‌ನಲ್ಲೂ, ಸಾಧ್ಯವಾದಷ್ಟು ಮಕ್ಕಳನ್ನು ವಿಚಾರಣೆಯ ದಾರಿಗೆ ಎಳೆಯದೆ ಬೇರೆ ದಾರಿ ನೋಡಬೇಕು ಅನ್ನುವ ತತ್ವ ಇದೆಯಂತೆ. ವಕೀಲೆ ಆ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದರು. ಪ್ರತಿಗಳಲ್ಲಿ ಆ ಗೆರೆಯೂ ಬಂತು.

ಸಭೆ ನಡೆದದ್ದು ಡಿಸೆಂಬರ್ ಮೊದಲ ಶನಿವಾರ, ಮಧ್ಯಾಹ್ನ ಎರಡು ಗಂಟೆಗೆ, ಶಾಲೆಯ ಲೈಬ್ರರಿ ಕೋಣೆಯಲ್ಲಿ. ಹದಿನಾಲ್ಕು ಪ್ಲಾಸ್ಟಿಕ್ ಕುರ್ಚಿ ದುಂಡಗೆ ಹಾಕಿದ್ದರು. ನಡುವೆ ಮೇಜು ಇಲ್ಲ. ಎಲ್ಲರ ಕಾಲೂ ಎಲ್ಲರಿಗೂ ಕಾಣುತ್ತಿತ್ತು. ನಾನು ಕೂತ ತಕ್ಷಣ ಹುಡುಗರ ಶೂ ನೋಡಿದೆ. ಮೂವರದ್ದೂ ಬಿಳಿ ಕ್ಯಾನ್ವಾಸ್.

ಚಿಕ್ಕ ಹುಡುಗನ ತಾಯಿ ಒಳಗೆ ಬಂದು ಬಾಗಿಲ ಹತ್ತಿರವೇ ನಿಂತುಬಿಟ್ಟರು. ಚಪ್ಪಲಿ ಹೊರಗೆ ಬಿಟ್ಟು, ಸೆರಗು ಹೊದ್ದು, ಇಲ್ಲೇ ಇರ್ತೀನಿ ಸಾರ್ ಅಂದರು. ಗಾರ್ಮೆಂಟ್ಸ್‌ಗೆ ಹೋಗುವವರು. ಕಾಲೋನಿಯವರು. ಇಂಥ ಕೋಣೆಯಲ್ಲಿ ಹೆಡ್‌ಮಾಸ್ಟರ್ ಪಕ್ಕ, ಪೊಲೀಸ್ ಪಕ್ಕ ಕುರ್ಚಿ ಮೇಲೆ ಕೂತು ಅವರಿಗೆ ಅಭ್ಯಾಸ ಇಲ್ಲ. ಹೆಡ್‌ಮಾಸ್ಟರ್ ಎದ್ದು ಹೋದರು. ‘ನೀವು ಕೂರೋವರೆಗೆ ನಾನೂ ಕೂರಲ್ಲ ತಾಯಿ’ ಅಂದರು. ಇಬ್ಬರೂ ಒಂದು ನಿಮಿಷ ಹಾಗೇ ನಿಂತಿದ್ದರು. ಆಮೇಲೆ ಆಕೆ ಬಂದು ನನ್ನ ಎಡಗಡೆ ಕೂತರು. ಕುರ್ಚಿಯ ತುದಿಯಲ್ಲಿ.

ಇಲ್ಲಿ ಒಂದು ಹಳೆಯ ವಿಷಯ ಹೇಳಬೇಕು. ನನ್ನ ತವರೂರಿನಲ್ಲಿ ಅರಳಿಕಟ್ಟೆ ಪಂಚಾಯಿತಿ ನೋಡಿಕೊಂಡು ಬೆಳೆದವಳು ನಾನು. ನಮ್ಮ ಚಿಕ್ಕಮ್ಮನ ಹೊಲದ ಬದುವಿನ ಜಗಳ ಅಲ್ಲಿಗೆ ಹೋಗಿತ್ತು. ಚಿಕ್ಕಮ್ಮ ಬಾಯಿ ತೆಗೆಯುವ ಮೊದಲೇ ತೀರ್ಮಾನ ಆಗಿತ್ತು. ಕಟ್ಟೆ ಮೇಲೆ ಕೂತವರು ಹೇಳಿದರು, ಕೆಳಗೆ ನಿಂತವರು ಕೇಳಿದರು. ಅದಕ್ಕೆ ರಾಜಿ ಅಂತ ಹೆಸರು. ಇದೂ ಅದೇ ಇರಬಹುದು ಅನ್ನುವುದು ನನ್ನ ದೊಡ್ಡ ಭಯ ಆಗಿತ್ತು. ಆಕೆ ಕುರ್ಚಿ ಮೇಲೆ ಕೂತಾಗ ಆ ಭಯ ಅರ್ಧ ಇಳಿಯಿತು.

ಇನ್ನರ್ಧ ಇಳಿದದ್ದು ಬುಗುರಿಯಿಂದ. ಹೆಡ್‌ಮಾಸ್ಟರ್ ಜೇಬಿನಿಂದ ಒಂದು ಮರದ ಬುಗುರಿ ತೆಗೆದರು. ಬಣ್ಣ ಹೋಗಿತ್ತು, ಮೊಳೆ ಮಾತ್ರ ಹೊಳೆಯುತ್ತಿತ್ತು. ಇದು ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡಬೇಕು, ಮಿಕ್ಕವರು ಕೇಳಬೇಕು, ಮಾತು ಬೇಡ ಅಂದರೆ ಸುಮ್ನೆ ಪಕ್ಕದವರಿಗೆ ಕೊಡಬಹುದು ಅಂದರು. ಮೊದಲ ಸುತ್ತು ಪ್ರಕರಣದ ಬಗ್ಗೆ ಅಲ್ಲ. ನೀವು ಒಂಬತ್ತನೇ ಕ್ಲಾಸಿನಲ್ಲಿ ಹೇಗಿದ್ದಿರಿ ಅಂತ ಎಲ್ಲರಿಗೂ ಕೇಳಿದರು. ಪೊಲೀಸರು ಹೇಳಿದರು, ಇನ್ನೊಬ್ಬ ಹುಡುಗನ ಗಾರೆ ಕೆಲಸದ ಅಪ್ಪ ಹೇಳಿದರು. ನನ್ನ ಪಕ್ಕದ ತಾಯಿ, ‘ನಾನು ಒಂಬತ್ತಕ್ಕೆ ಹೋಗಿಲ್ಲ, ಐದಕ್ಕೆ ಬಿಡಿಸಿದ್ರು’ ಅಂದು ಬುಗುರಿ ನನ್ನ ಕೈಗೆ ಇಟ್ಟರು. ಅವರ ಮಗ ತಲೆ ತಗ್ಗಿಸಿದ್ದವನು ಆಗ ಅಮ್ಮನನ್ನು ನೋಡಿದ. ಅವನಿಗೆ ಅದು ಗೊತ್ತಿರಲಿಲ್ಲ ಅಂತ ಕಾಣುತ್ತದೆ.

ಆಮೇಲೆ ಹುಡುಗರ ಸರದಿ. ಅವತ್ತು ಏನಾಯಿತು? ಆಗ ಏನು ಯೋಚನೆ ಮಾಡುತ್ತಿದ್ದೆ? ಇದರಿಂದ ಯಾರಿಗೆ ಏನಾಗಿದೆ ಅಂತ ಈಗ ಅನಿಸುತ್ತದೆ? ಯಾಕೆ ಮಾಡಿದೆ ಅಂತ ಯಾರೂ ಗದರಿಸಲಿಲ್ಲ. ಕನ್ನಡಕದ ಹುಡುಗ ಮೊದಲು ಶುರು ಮಾಡಿದ. ಹೆಬ್ಬೆರಳಿನಿಂದ ಬುಗುರಿಯ ಮೊಳೆ ಉಜ್ಜುತ್ತಲೇ ಇದ್ದ.

‘ಆಂಟಿ, ನಿಮ್ಮ ಮೇಲೆ ನಮಗೆ ಏನೂ ಇರ್ಲಿಲ್ಲ. ಮ್ಯಾಥ್ಸ್ ಕ್ವೆಶ್ಚನ್ ಪೇಪರ್ ನಿಮ್ಮ ಹತ್ರ ಬಂದಿದೆ ಅಂತ ಗೊತ್ತಿತ್ತು. ಅದಕ್ಕೇ ಬಂದಿದ್ದು.’

ಪ್ರಶ್ನೆಪತ್ರಿಕೆ! ಎರಡೂವರೆ ತಿಂಗಳು ಬೆಕ್ಕಿನ ಸದ್ದಿಗೆ ಎದ್ದು ಕೂತಿದ್ದೆನಲ್ಲ, ಅದಕ್ಕೆ ಕಾರಣ ಒಂಬತ್ತನೇ ಕ್ಲಾಸಿನ ಗಣಿತದ ಪೇಪರ್. ನೆಲದ ತುಂಬ ಕಾಗದ ಚೆಲ್ಲಿದ್ದು ಅದನ್ನು ಹುಡುಕುವುದಕ್ಕೆ. ಅದು ಸಿಗಲಿಲ್ಲ. ಶನಿವಾರ ಸಂಜೆಯೇ ನಾನು ಕಟ್ಟಿ ಶಾಲೆಗೆ ಕಳಿಸಿದ್ದೆ.

ಬುಗುರಿ ನನ್ನ ಹತ್ತಿರ ಬಂದಾಗ ಮಷಿನ್ ಯಾಕೆ ತುಳಿದಿರಿ ಅಂತ ಕೇಳಿದೆ. ಚಿಕ್ಕವನು ಹೇಳಿದ, ‘ಮೇಲಿಂದ ಇಳಿಯೋವಾಗ ಕಾಲಿಡೋಕೆ ಜಾಗ ಸಿಗ್ಲಿಲ್ಲ. ಕತ್ತಲಲ್ಲಿ ಟೇಬಲ್ ಅನ್ಕೊಂಡೆ. ಕಟ್ ಅಂತ ಸದ್ದು ಬಂತು. ಭಯ ಆಯ್ತು.’ ದುಡ್ಡು? ಅದಕ್ಕೆ ಉದ್ದದ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಕಳ್ಳರು ಬಂದಿದ್ರು ಅನ್ಕೊಳ್ಳಲಿ ಅಂತ ತಗೊಂಡ್ವಿ.’

ನಾನು ನನ್ನ ರಾತ್ರಿಗಳ ಬಗ್ಗೆ ಹೇಳಿದೆ. ಚಿಲಕದ ಬಗ್ಗೆ. ಬಿಲ್ಲಿನ ಬಗ್ಗೆ ಹೇಳುವುದಕ್ಕಿಂತ ಅದು ಕಷ್ಟ ಆಯಿತು. ಹುಡುಗರಿಗೆ 7,400 ರೂಪಾಯಿ ಗೊತ್ತಿತ್ತು. ಒಬ್ಬ ಹೆಂಗಸು ರಾತ್ರಿ ನಾಲ್ಕು ಸಲ ಎದ್ದು ಚಿಲಕ ಮುಟ್ಟಿ ನೋಡುತ್ತಾಳೆ ಅನ್ನುವುದು ಗೊತ್ತಿರಲಿಲ್ಲ. ನನ್ನ ಪಕ್ಕದ ತಾಯಿ ‘ನಾನೂ ಶಿಫ್ಟ್ ಮುಗಿಸಿ ಬಂದು ಒಬ್ಬಳೇ ಮಲಗೋಳು ಅಕ್ಕ’ ಅಂದರು. ಬುಗುರಿ ಅವರ ಕೈಯಲ್ಲಿ ಇರಲಿಲ್ಲ. ಹೆಡ್‌ಮಾಸ್ಟರ್ ತಡೆಯಲಿಲ್ಲ. ಚಿಕ್ಕವನು ಅತ್ತ. ನಾನು ಸಮಾಧಾನ ಮಾಡಲಿಲ್ಲ. ಮಾಡಬೇಕು ಅಂತ ಯಾರೂ ನನಗೆ ಹೇಳಲೂ ಇಲ್ಲ. ಕ್ಷಮಿಸುವುದು ಬಿಡುವುದು ನಿಮ್ಮ ಇಷ್ಟ, ಅದಕ್ಕೋಸ್ಕರ ಈ ಸಭೆ ಅಲ್ಲ ಅಂತ ವಕೀಲೆ ಮೊದಲೇ ಹೇಳಿದ್ದರು.

ನಾನು ನಿರೀಕ್ಷೆ ಮಾಡದೇ ಇದ್ದ ಮಾತು ಬಂದದ್ದು ಶಾಲೆಯ ಕಡೆಯಿಂದ. ಗಣಿತದ ಮೇಷ್ಟ್ರು ಬುಗುರಿ ಹಿಡಿದು, ‘ಪೇಪರನ್ನು ಅಂಗಡಿಗೆ ಇದೇ ಹುಡುಗರ ಕೈಯಲ್ಲಿ ಕಳಿಸಿದ್ದು ನಾನು. ಕವರ್ ಅಂಟಿಸಿರಲಿಲ್ಲ’ ಅಂದರು. ಶಾಲೆಯಲ್ಲಿ ಆಗಲೇ ಮೂವರಿಗೂ ಟಿಸಿ ಕೊಟ್ಟು ಕಳಿಸುವ ಮಾತು ನಡೆದಿತ್ತು. ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಎಂಟನೇ ತರಗತಿವರೆಗೆ, ಇವರು ಒಂಬತ್ತು. ಮೇಷ್ಟ್ರು ಹಾಗೆ ಹೇಳಿದ ಮೇಲೆ ಟಿಸಿ ಮಾತನ್ನು ಯಾರೂ ಎತ್ತಲಿಲ್ಲ. ಈಗ ಪ್ರಶ್ನೆಪತ್ರಿಕೆ ಅರಗು ಹಾಕಿದ ಕವರ್‌ನಲ್ಲಿ ಗುಮಾಸ್ತರ ಕೈಯಲ್ಲೇ ಬರುತ್ತದೆ. ಜೆರಾಕ್ಸ್ ಮುಗಿಯುವವರೆಗೆ ಅವರು ಅಲ್ಲೇ ನಿಂತಿರುತ್ತಾರೆ.

ಒಪ್ಪಂದ ಬರೆಯುವುದಕ್ಕೆ ಒಂದು ಗಂಟೆ ಹಿಡಿಯಿತು. ಗಾಜಿನದ್ದು 7,400, ಗಲ್ಲಾದ್ದು 2,340, ಒಟ್ಟು 9,740. ನಾನು 9,000 ಅಂದೆ. ಮನೆಗೆ 3,000, ತಿಂಗಳಿಗೆ 600ರ ಹಾಗೆ ಐದು ತಿಂಗಳು. ಗಾರೆ ಕೆಲಸದ ಅಪ್ಪ ಶೀಟ್ ತಾನೇ ತಂದು ಹಾಕಿಕೊಡುತ್ತೇನೆ ಅಂದರು. ಮಾರನೇ ದಿನವೇ ಬಂದು ಹಾಕಿದರು, ಕೆಳಗೆ ಕಬ್ಬಿಣದ ಜಾಲರಿಯನ್ನೂ ಕೂರಿಸಿದರು. ಕೇಳದೆ ಮಾಡಿದ್ದು. ಅವತ್ತು ರಾತ್ರಿ ನಾನು ಒಂದೇ ಸಲ ಎದ್ದೆ.

ಹುಡುಗರು ಏನು ಮಾಡಬೇಕು ಅಂತ ಬಂದಾಗ, ಅಂಗಡಿಗೆ ಬಂದು ಕೆಲಸ ಮಾಡಲಿ ಅಂತ ನಾನೇ ಹೇಳಿದೆ. ವಕೀಲೆ ಒಪ್ಪಲಿಲ್ಲ. ನಿಮಗೆ ದುಡ್ಡು ಬರುವ ಕೆಲಸ ಮಕ್ಕಳ ಕೈಯಲ್ಲಿ ಮಾಡಿಸುವುದು ಬೇಡ, ಅದು ದುಡಿಸಿಕೊಂಡ ಹಾಗೆ ಆಗುತ್ತದೆ ಅಂದರು. ಸರಿ ಅನಿಸಿತು. ಆಗ ಕನ್ನಡಕದ ಹುಡುಗ ನಾವು ಕೂತಿದ್ದ ಕೋಣೆಯ ಕಪಾಟು ತೋರಿಸಿದ. ಅಲ್ಲಿ ರಟ್ಟು ಕಿತ್ತುಹೋದ ಪುಸ್ತಕಗಳ ರಾಶಿ ಇತ್ತು. ‘ಬೈಂಡಿಂಗ್ ಕಲಿಸ್ತೀರಾ ಆಂಟಿ?’

ಆರು ಶನಿವಾರ ಕಲಿಸಿದೆ. ಮೈದಾ ಅಂಟು ಮನೆಯಲ್ಲೇ ಕಾಯಿಸಿ, ಹುಳ ಬೀಳದ ಹಾಗೆ ಒಂದು ಚಿಟಿಕೆ ಮೈಲುತುತ್ತ ಹಾಕಿ ಡಬ್ಬಿಯಲ್ಲಿ ತಗೊಂಡು ಹೋಗುತ್ತಿದ್ದೆ. ಹಳೆಯ ಅಂಟು ಕೆರೆಯುವುದು, ಮಡಿಕೆಗಳನ್ನು ಸಮ ಮಾಡಿ ತಟ್ಟುವುದು, ದಬ್ಬಳದಲ್ಲಿ ತೂತು, ಮೇಣ ಹಚ್ಚಿದ ದಾರದಲ್ಲಿ ಹೊಲಿಗೆ. ದಾರ ಜಾಸ್ತಿ ಎಳೆದರೆ ಕಾಗದ ಹರಿಯುತ್ತದೆ, ಸಡಿಲ ಬಿಟ್ಟರೆ ಪುಟ ಅಲ್ಲಾಡುತ್ತದೆ. ಚಿಕ್ಕವನಿಗೆ ಕೈ ಚೆನ್ನಾಗಿ ಕೂತಿತು. ಅಂಟು ಹಚ್ಚಿದ ಮೇಲೆ ಅಂಗೈಯಿಂದ ಬೆನ್ನು ಒತ್ತಿ ಹಿಡಿಯುತ್ತಾನೆ, ಎಣಿಸುತ್ತಾ. ನೂರರವರೆಗೆ. ನಾನು ಹಾಗೆ ಹೇಳಿಕೊಟ್ಟಿರಲಿಲ್ಲ. ಒಟ್ಟು 41 ಪುಸ್ತಕ ಆದವು.

ಇದು ಶಾಲೆಯಲ್ಲಿ ಅಲ್ಲಿಗೇ ನಿಂತಿಲ್ಲ. ಎಂಟು, ಒಂಬತ್ತನೇ ತರಗತಿಗೆ ವಾರಕ್ಕೆ ಒಂದು ಪೀರಿಯಡ್ ಹೀಗೇ ದುಂಡಗೆ ಕೂರಿಸುತ್ತಾರೆ. ಒಂದು ಶನಿವಾರ ಬೇಗ ಹೋಗಿದ್ದಾಗ ಮೂಲೆಯಲ್ಲಿ ಕೂತು ನೋಡಿದೆ. ಒಬ್ಬ ಹುಡುಗಿಗೆ ಯಾರೋ ಅಡ್ಡಹೆಸರು ಇಟ್ಟಿದ್ದರು. ಇಟ್ಟವರು ಯಾರು ಅಂತ ಮೇಷ್ಟ್ರು ಕೇಳಲಿಲ್ಲ. ಹಾಗೆ ಕರೆದಾಗ ಏನಾಗುತ್ತದೆ ಅಂತ ಅವಳಿಗೆ ಕೇಳಿದರು. ಅವಳು ‘ಸ್ಕೂಲ್ ಗೇಟ್ ಹತ್ರ ಬಂದಾಗ ಹೊಟ್ಟೆ ನೋಯುತ್ತೆ’ ಅಂದಳು. ಬುಗುರಿ ಸುತ್ತಿ ಬರುವಷ್ಟರಲ್ಲಿ ಇಟ್ಟವನು ತಾನೇ ಹೇಳಿದ. ಮೊದಲಾಗಿದ್ದರೆ ಅವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 17 ಹೊಡೆಯುವುದನ್ನೂ ಮನಸ್ಸು ನೋಯಿಸುವುದನ್ನೂ 2009ರಲ್ಲೇ ನಿಷೇಧ ಮಾಡಿದೆ. ಹೊಡೆಯಬೇಡಿ ಅಂದ ಮೇಲೆ ಏನು ಮಾಡಬೇಕು ಅಂತ ಮೇಷ್ಟ್ರುಗಳಿಗೂ ಯಾರಾದರೂ ಹೇಳಿಕೊಡಬೇಕಲ್ವಾ? ಈ ತಂಡ ಅದನ್ನು ಮಾಡುತ್ತಿದೆ. ನನ್ನ ಕೇಳಿದರೆ ಕಳ್ಳತನ ಆದ ಮೇಲೆ ಮಾಡುವ ಸಭೆಗಿಂತ ಈ ವಾರದ ಪೀರಿಯಡ್ ದೊಡ್ಡ ಕೆಲಸ.

ಇನ್ನು ಸರಿ ಇಲ್ಲದ್ದು. ಮೊದಲನೆಯದು ತಡ. ಸೆಪ್ಟೆಂಬರ್‌ನಲ್ಲಿ ಆದದ್ದಕ್ಕೆ ಡಿಸೆಂಬರ್‌ನಲ್ಲಿ ಸಭೆ. ಮೂರು ಸಲ ದಿನ ಬದಲಾಯಿತು. ಒಂದು ಸಲ ನಾನು ಅಂಗಡಿ ಮುಚ್ಚಿ ಹೋಗಿ ವಾಪಸ್ ಬಂದೆ. ಮಂಡಳಿ ವಿಚಾರಣೆಯನ್ನು 4 ತಿಂಗಳಲ್ಲಿ ಮುಗಿಸಬೇಕು ಅಂತ ಕಾನೂನಿದೆ. ಸಭೆಗೆ ಹಾಗೆ ಯಾವ ಗಡುವೂ ಇಲ್ಲ. ನಷ್ಟ ಆದವರಿಗೆ ಒಂದೊಂದು ರಾತ್ರಿಯೂ ಲೆಕ್ಕ. ಎರಡನೆಯದು ಒಪ್ಪಂದದ ಪ್ರತಿ. ಎರಡು ಸಲ ಕೇಳಿದ ಮೇಲೆ ಕೊಟ್ಟರು. ಜೆರಾಕ್ಸ್ ಅಂಗಡಿಯವಳಿಗೇ ಹೀಗಾದರೆ ಓದಲು ಬಾರದವರ ಗತಿ ಏನು? ಸಹಿ ಹಾಕಿದ ತಕ್ಷಣ ಎಲ್ಲರ ಕೈಗೂ ಪ್ರತಿ ಕೊಡಬೇಕು, ಜೋರಾಗಿ ಓದಿ ಹೇಳಬೇಕು. ಉದ್ದದ ಹುಡುಗನ ಅಪ್ಪ ಕೊನೆಗೂ ಬರಲಿಲ್ಲ. ಅವನ ಪಕ್ಕದ ಕುರ್ಚಿ ಖಾಲಿಯೇ ಇತ್ತು. ಅವನ ಜೊತೆ ಯಾರಾದರೂ ಕೂರಬೇಕಿತ್ತು, ಅದನ್ನು ಮೊದಲೇ ನೋಡಿಕೊಳ್ಳಬೇಕಿತ್ತು. ಅವರ ಮನೆಯ ಕಂತೂ ಒಂದು ತಿಂಗಳು ಹಿಂದಿದೆ. ಆಪ್ತಸಮಾಲೋಚಕಿ ಒಳ್ಳೆಯ ಹುಡುಗಿ, ಆದರೆ ಅವಳ ಮಾತಿನಲ್ಲಿ ಅರ್ಧ ಇಂಗ್ಲಿಷ್. ಗಾರೆ ಕೆಲಸದ ಅಪ್ಪ ಪ್ರತಿ ಸಲ ಹೆಡ್‌ಮಾಸ್ಟರ್ ಮುಖ ನೋಡುತ್ತಿದ್ದರು.

ಎಲ್ಲದಕ್ಕೂ ಇದು ಆಗುವುದಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ (ಪೋಕ್ಸೊ) ಪ್ರಕರಣ, ಮನೆಯೊಳಗಿನ ಹೊಡೆತ, ಜಾತಿ ದೌರ್ಜನ್ಯ, ಇವನ್ನು ಮುಟ್ಟುವುದೇ ಇಲ್ಲ ಅಂತ ವಕೀಲೆ ಕಡ್ಡಿ ಮುರಿದ ಹಾಗೆ ಹೇಳಿದರು. ಯಾರಾದರೂ ಅಂಥ ವಿಷಯಕ್ಕೆ ದುಂಡಗೆ ಕೂತು ಮಾತಾಡೋಣ ಅಂದರೆ ದಯವಿಟ್ಟು ಎದ್ದು ಬನ್ನಿ. ನಿಮ್ಮ ಕೈಗೆ ಮಾತು ಕೊಡದೆ, ಬೇಡ ಅನ್ನುವುದಕ್ಕೆ ಬಿಡದೆ ‘ರಾಜಿ ಮಾಡ್ಕೊಳ್ಳಿ’ ಅಂದರೂ ಎದ್ದು ಬನ್ನಿ. ಅದು ನಮ್ಮ ಚಿಕ್ಕಮ್ಮನ ಕಟ್ಟೆ.

ನಿಮ್ಮ ಅಂಗಡಿಗೋ ಮನೆಗೋ ಮಕ್ಕಳಿಂದ ನಷ್ಟ ಆಗಿ, ಪ್ರಕರಣ ಬಾಲನ್ಯಾಯ ಮಂಡಳಿಗೆ ಹೋಗಿದ್ದರೆ, ಇಂಥ ಸಭೆ ಸಾಧ್ಯವಾ ಅಂತ ಅಲ್ಲಿನ ಪರಿವೀಕ್ಷಣಾಧಿಕಾರಿಯನ್ನು (ಪ್ರೊಬೇಷನ್ ಆಫೀಸರ್) ನೀವೇ ಕೇಳಿ. ಅವರಾಗಿ ಕರೆಯಲಿ ಅಂತ ಕಾಯಬೇಡಿ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಳೆದದ್ದು ತಡಕ್ಕೆ.

ಸೈಬರ್ ಸೆಂಟರ್ ವಿಷಯ. ನನಗೆ ಆದದ್ದಕ್ಕೆ ಹದಿನಾಲ್ಕು ಕುರ್ಚಿ ಹಾಕಿದರು. ನಾನು ಮಾಡಿದ್ದಕ್ಕೆ ಯಾರೂ ಹಾಕಿರಲಿಲ್ಲ. ಗಿರಾಕಿಗಳ ಮುಂದೆ ಅವರನ್ನು ಕಳ್ಳನ ಹಾಗೆ ನಿಲ್ಲಿಸಿದ್ದು ನನ್ನ ಬಾಯಿ. ಅವರ ಕ್ಯಾಮೆರಾ ಇರದಿದ್ದರೆ ಇದು ಯಾವುದೂ ಬಗೆಹರಿಯುತ್ತಿರಲಿಲ್ಲ. ಜನವರಿಯಲ್ಲಿ ಹೋಗಿ ತಪ್ಪಾಯಿತು ಅಂದೆ. ಆಯ್ತು ಬಿಡಿ ಅಂದರು, ಮುಖ ನೋಡದೆ. ಆಯ್ತು ಬಿಡಿ ಅಂದರೆ ಏನೂ ಆಗಿಲ್ಲ ಅಂತಲೇ ಅರ್ಥ. ಹೆಡ್‌ಮಾಸ್ಟರನ್ನು ಕೇಳಿದೆ. ‘ಅವರು ಒಪ್ಪಿದ್ರೆ ಬುಗುರಿ ತರ್ತೀನಿ, ಒಪ್ಪದಿದ್ರೆ ಕಾಯಿರಿ ತಾಯಿ’ ಅಂದರು. ಮೊನ್ನೆ ಸಂಜೆ ಅವರ ಅಂಗಡಿಯಲ್ಲಿ ಎ4 ಕಾಗದ ಮುಗಿದು, ಹುಡುಗನನ್ನು ನನ್ನ ಹತ್ತಿರ ಕಳಿಸಿದ್ದರು. ಒಂದು ರಿಮ್ ಕೊಟ್ಟೆ. ನಾಳೆ ವಾಪಸ್ ಕೊಡ್ತಾರಂತೆ ಅಂದ ಹುಡುಗ. ನಾಳೆ ನೀನು ತರಬೇಡ, ಅವರೇ ತರಲಿ ಅಂತ ಹೇಳಿ ಕಳಿಸಿದ್ದೇನೆ.